ಮಂಗಳವಾರದ ಗೋಷ್ಠಿ

ಕೇಂಬ್ರಿಜಿನ ಫ್ರೀ ಸ್ಕೂಲ್ ಓಣಿಯಲ್ಲಿದ್ದ ಕ್ಯಾವೆಂಡಿಷ್ ಪ್ರಯೋಗಶಾಲೆಗೆ ಅರ್ನೆಸ್ಟ್ ರುದರ್‌ಫರ್ಡರು ಪ್ರಾಧ್ಯಾಪಕರಾಗಿ ಬಂದದ್ದು 1919ರಲ್ಲಿ. ಅವರ ಆಳ್ವಿಕೆಯ ಕಟ್ಟಳೆಗಳಲ್ಲೊಂದು, ಸಂಜೆ ಆರು ಗಂಟೆಗೆ ಪ್ರಯೋಗಶಾಲೆಯ ಬಾಗಿಲು ಮುಚ್ಚತಕ್ಕದ್ದು ಎಂಬುದು. ವಿಶೇಷಾನುಮತಿ ಪಡೆದವರ ವಿನಾ ಮಿಕ್ಕವರೆಲ್ಲರೂ, ತಮ್ಮ ಪ್ರಯೋಗ ಎಂತಹ ಘಟ್ಟದಲ್ಲಿದ್ದರೂ ಸರಿಯೆ, ಉಪಕರಣಗಳನ್ನು ಹಾಗೆಯೇ ಬಿಟ್ಟು ಮನೆಯ ದಾರಿ ಹಿಡಿಯಬೇಕಾಗಿದ್ದಿತು. ಹಗಲೆಲ್ಲ ಕೈ ದುಡಿದ ಮೇಲೆ ಇರುಳಿನಲ್ಲಿ ತಲೆ ದುಡಿಯಬೇಕು. ಆಲೋಚನೆಗೆ ಬಿಡುವು ಮಾಡಿಕೊಳ್ಳದೆ ಅಳೆಯುತ್ತಲೇ ಕೂರುವವನಿಂದ ಶಾಸ್ತ್ರಕ್ಕೆ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಆ ಆಚಾರ್ಯರ ದೃಢವಾದ ನಂಬಿಕೆ. ಹೀಗೆ ಬಲವಂತದಿಂದ ದೊರೆತ ಸಂಜೆಯ ವಿರಾಮದಲ್ಲಿ, 1922ರ ಅಕ್ಟೋಬರ್ ತಿಂಗಳಿನಲ್ಲಿ, ಪರದೇಶದಿಂದ ಬಂದು ವರ್ಷವೊಂದು ಕಳೆದಿದ್ದ ಶಿಷ್ಯನೊಬ್ಬನು ತನ್ನ ಓರಗೆಯವರನ್ನು ಒಂದು ಕೋಣೆಯಲ್ಲಿ ಕೂಡಿಸಿ ಹರಟೆಗೂ ಉಪನ್ಯಾಸಕ್ಕೂ ನಡುವಣದೆನ್ನಬಹುದಾದ ಒಂದು ಪದ್ಧತಿಯನ್ನು ಆರಂಭಿಸಿದನು. ಪದಾರ್ಥವಿಜ್ಞಾನದ ಇತಿಹಾಸದಲ್ಲಿ ಕಪಿತ್ಸ ಕ್ಲಬ್ ಎಂದು ಹೆಸರಾಗಿರುವುದು ಇದೇ ಗೋಷ್ಠಿ.

ಇಂತಹ ಕೂಟ ಕೇಂಬ್ರಿಜಿಗೆ ತೀರ ಅಪರಿಚಿತವಾದುದೇನೂ ಅಲ್ಲ. 1820ರಲ್ಲಿ ಹುಟ್ಟಿದ ‘ಅಪಾಸಲ್ಸ್’ ಎಂಬ ಗೂಢಮಂಡಲಿಯ ವಿದ್ಯಾರ್ಥಿಗಳು ಶನಿವಾರದ ರಾತ್ರಿ ಒಬ್ಬರ ಕೋಣೆಯಲ್ಲಿ ಸೇರಿ, ಅಗ್ಗಿಷ್ಟಿಕೆಯ ಮುಂದೆ ನಿಂತು ಪ್ರಬಂಧವೋದುವ ಸದಸ್ಯನನ್ನು ಕೇಳಿ, ಅನಂತರ ತರ್ಕಿಸುತ್ತಿದ್ದರು. ವಿಷಯಕ್ಕೆ ಎಲ್ಲೆಯೆಂಬುದಿರಲಿಲ್ಲ, ಧರ್ಮ, ಕಾವ್ಯ, ರಾಜ್ಯನೀತಿ ಎಲ್ಲವೂ ಬರಬಹುದಾಗಿದ್ದಿತು. ಮುಂದೆ ಕ್ಯಾವೆಂಡಿಷ್ ಪ್ರಯೋಗಶಾಲೆಯ ಪ್ರಥಮ ಪ್ರಾಧ್ಯಾಪಕರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲರು ತಾರುಣ್ಯದಲ್ಲಿ ಈ ಮಂಡಲಿಗೆ ಸೇರಿದವರು. ಪ್ರಕೃತಿಯಲ್ಲಿ ಕಾಣುವ ಸಾದೃಶ್ಯಗಳು ನಿಜವಾದುವೇ ಎಂಬ ಪ್ರಶ್ನೆಯನ್ನು ಕುರಿತು 1856ರಲ್ಲಿ ಅವರು ಓದಿದ ಪ್ರಬಂಧ ಇಂದಿಗೂ ತತ್ತ್ವಜ್ಞರ ಮನ್ನಣೆಗೆ ಪಾತ್ರವಾಗಿದೆ. ಆದರೆ ಆ ಮಂಡಲಿ ಆಯ್ದ ಕುಲೀನರದು. 1874ರಲ್ಲಿ ಪ್ರಯೋಗಶಾಲೆ ಸಿದ್ಧವಾದ ಮೇಲೂ ಅಲ್ಲಿ ದುಡಿಯುವವರೆಲ್ಲರೂ ಕೂಡಿ ಮಾತನಾಡುವ ಏರ್ಪಾಟು ಬಹುಕಾಲ ಇರಲಿಲ್ಲ. ಅದನ್ನು ಆಗಮಾಡಿದವರು ಜೆ. ಜೆ. ಥಾಮ್ಸನ್ನರು. 1893ರಲ್ಲಿ ಅವರು ಆರಂಭಿಸಿದ ಕ್ಯಾವೆಂಡಿಷ್ ಫಿಸಿಕಲ್ ಸೊಸೈಟಿ ಹದಿನೈದು ದಿನಕ್ಕೊಮ್ಮೆ ಸೇರಿ ಹೊಸ ಸಂಶೋಧನೆಗಳನ್ನು ಪರಾಮರ್ಶಿಸುತ್ತಿದ್ದಿತು. ಸಭೆಗೆ ಮುಂಚೆ ಚಹದ ಉಪಚಾರವೂ ಉಂಟು. ಎರಡು ವರ್ಷಗಳ ತರುವಾಯ, 1895ರಲ್ಲಿ, ಅನ್ಯ ವಿಶ್ವವಿದ್ಯಾನಿಲಯಗಳ ಪದವೀಧರರೂ ಸಂಶೋಧನ ವಿದ್ಯಾರ್ಥಿಗಳಾಗಿ ಬರಬಹುದೆಂದು ಕೇಂಬ್ರಿಜ್ ನಿಯಮ ಮಾಡಿತು. ಹಾಗೆ ಬಂದವರಲ್ಲಿ ಮೊದಲಿಗರ ಪೈಕಿ ನ್ಯೂಜಿಲೆಂಡಿನ ತರುಣ ರುದರ್‌ಫರ್ಡನೂ ಒಬ್ಬ. ಆದರೂ ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ಕುಳಿತಿರುವ ಸಭೆಯಲ್ಲಿ ಹೊಸಬನಾದ ಶಿಷ್ಯನು ಬಾಯ್ದೆರೆಯುವುದು ಸುಲಭವಲ್ಲ. ಚಹ ಎಷ್ಟೇ ಬಿಸಿಯಾಗಿದ್ದರೂ ಆ ಸಂಕೋಚ ಕರಗುವ ಬಗೆಯದಲ್ಲ.

ಕಪಿತ್ಸರ ಗೋಷ್ಠಿಗೆ ಬೀಜವನ್ನು ಹುಡುಕಬೇಕಾದದ್ದು ಕೇಂಬ್ರಿಜಿನಲ್ಲಿ ಅಲ್ಲವೆಂದು ನನಗೆ ತೋರುತ್ತದೆ; ಅದು ಪೀಟರ್ಸ್‌ಬರ್ಗಿನಿಂದ ಬಂದದ್ದು. ಅಲ್ಲಿಗೆ 1907ರಲ್ಲಿ ವಿಯೆನ್ನದವರಾದ ಪಾಲ್ ಎರೆನ್‌ಫೆಸ್ಟರು ರಷ್ಯದವಳಾದ ತಮ್ಮ ಪತ್ನಿಯೊಡನೆ ಬಂದು ನೆಲೆಸಿ, ಯಾವ ಸ್ಥಿರವಾದ ಹುದ್ದೆಯೂ ದೊರೆಯದೆ, ಐದು ವರ್ಷಗಳ ಕಾಲ ತಮ್ಮ ಮನೆಯಲ್ಲಿಯೇ ತರುಣ ವಿಜ್ಞಾನಿಗಳ ಗೋಷ್ಠಿಯನ್ನು ನಡೆಸಿದರು. ಹೇಳುವವನು ಸ್ಪಷ್ಟವಾಗಿ ಹೇಳುವವರೆಗೆ ಮುಂದಕ್ಕೆ ಬಿಡದೆ ಪ್ರಶ್ನಿಸುವುದು ಎರೆನ್‌ಫೆಸ್ಟರ ಸ್ವಭಾವ. 1912ರಲ್ಲಿ ಅವರು ಹಾಲೆಂಡಿನ ಲೈಡನ್ನಿಗೆ ಹೊರಟುಹೋದರು; ಅಲ್ಲಿಯೂ ಬುಧವಾರದ ಸಂಜೆಯ ಗೋಷ್ಠಿಯೊಂದನ್ನು ನೆಲೆಗೊಳಿಸಿದರು; ಅವರ ಮನೆಯ ಗೋಡೆಯೊಂದರ ಮೇಲೆ ಅತಿಥಿ ವಿಜ್ಞಾನಿಗಳು ಮಾಡಿದ ಸಹಿಗಳನ್ನು ಇಂದಿಗೂ ಕಾಣಬಹುದು. ಪೀಟರ್ಸ್‌ಬರ್ಗಿನಲ್ಲಿ ಅವರ ಕೂಟದ ಸಂಪರ್ಕ ಪಡೆದಿದ್ದ ಅಬ್ರಾಂ ಯೋಫೆಯವರು ಅದೇ ಜಾಡನ್ನು ಹಿಡಿದು, 1916ರಲ್ಲಿ, ಮಹಾಯುದ್ಧದ ನಡುವೆಯೇ, ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ತಮ್ಮ ಶಿಷ್ಯರಿಗಾಗಿ ಒಂದು ಗೋಷ್ಠಿಯನ್ನು ತೊಡಗಿದರು. ಆ ಶಿಷ್ಯರಲ್ಲಿ ಪ್ಯೋತರ್ ಲಿಯೊನಿದೊವಿಚ್ ಕಪಿತ್ಸನೂ ಇದ್ದನು.

1894ರಲ್ಲಿ ಕ್ರಾನ್‌ಸ್ಟಾಟಿನಲ್ಲಿ ಹುಟ್ಟಿದ ಈತನ ಯೌವನದ ಕಥೆ ಕರುಣಾಜನಕವಾದುದು. ಕ್ರಾಂತಿಯ ತರುವಾಯದ ಕ್ಷಾಮಕಾಲದಲ್ಲಿ, 1919–20ರ ಚಳಿಗಾಲದ ಕೆಲವೇ ವಾರಗಳಲ್ಲಿ, ತಂದೆ, ಹೆಂಡತಿ, ಎಳೆಯ ಮಗ, ಆಗತಾನೆ ಹುಟ್ಟಿದ ಮಗಳು, ಇಷ್ಟು ಮಂದಿಯೂ ಸಾಂಕ್ರಾಮಿಕ ರೋಗಗಳಿಗೆ ತುತ್ತಾದರು. ವಿದೇಶಗಳಿಂದ ವಿಜ್ಞಾನದ ಉಪಕರಣಗಳನ್ನೂ ಗ್ರಂಥಗಳನ್ನೂ ಕೊಂಡುತರಲು 1921ರಲ್ಲಿ ಹೊರಟ ನಿಯೋಗದಲ್ಲಿ ಯೋಫೆ ಈ ಶೋಕಾರ್ತನಾದ ಶಿಷ್ಯನನ್ನೂ ಸೇರಿಸಿಕೊಂಡು ಇಂಗ್ಲೆಂಡಿಗೆ ಕರೆತಂದರು. ತನ್ನಲ್ಲಿ ಸ್ಥಳವಿಲ್ಲವೆಂದು ರುದರ್‌ಫರ್ಡರು ಹೇಳಿದಾಗ, ನಿಮ್ಮ ಪ್ರಯೋಗಗಳಲ್ಲಿ ಎಷ್ಟರಮಟ್ಟಿನ ತಪ್ಪಿಗೆ ಅವಕಾಶವುಂಟೆಂದು ಕಪಿತ್ಸ ಕೇಳಿದನಂತೆ. ನೂರಕ್ಕೆ ಎರಡು ಮೂರು ಎಂದು ಉತ್ತರ ಬರಲು, ಹಾಗಾದರೆ ಮೂವತ್ತು ಜನರಲ್ಲಿ ಒಬ್ಬ ಹೆಚ್ಚಾದರೆ ಅದು ಲೆಕ್ಕಕ್ಕೇ ಬರಲಾರದು ಎಂದನಂತೆ. ಹೇಳುವವರ ಬಾಯಲ್ಲಿ ಈ ಕಥೆ ಕೊಂಚ ನಯವಾಗಿರಬೇಕು. ಆದರೆ ಪರಿಚಯವಿಲ್ಲದ ಮಹಾನುಭಾವನೊಬ್ಬನ ಎದುರಿನಲ್ಲಿ ಅಳುಕದೆ ಮಾತನಾಡುವ ಆ ಎದೆಗಾರಿಕೆ ಮಾತ್ರ ಈತನದೇ. ರುದರ್‌ಫರ್ಡರಿಗೆ ‘ಮೊಸಳೆ’ ಎಂದು ಅಡ್ಡಹೆಸರಿಟ್ಟವನೂ ಈತನೇ. ಕಪಿತ್ಸರಿಗಾಗಿ ಕಟ್ಟಿಸಿದ ಮಾಂಡ್ ಪ್ರಯೋಗಶಾಲೆ 1933ರಲ್ಲಿ ಆರಂಭವಾದಾಗ ಅದರ ಹೊರಗೋಡೆಯ ಇಟ್ಟಿಗೆಯ ಮೇಲೆ ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಮೊಸಳೆ ಇಂದಿಗೂ ಅಲ್ಲಿ ಬಾಯ್ದೆರೆದುಕೊಂಡಿದೆ.

ಇಂಗ್ಲಿಷ್ ವಿದ್ಯಾರ್ಥಿಗಳ ವಿಷಯದಲ್ಲಿ ಕಪಿತ್ಸರಿಗೆ ಸೋಜಿಗವೆನಿಸಿದ ಸಂಗತಿಯೆಂದರೆ, ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ತಿಳಿಯದುದನ್ನು ತಿಳಿಯದೆಂದು ಹತ್ತು ಜನರೆದುರಿಗೆ ಒಪ್ಪಿಕೊಳ್ಳುವುದು ಮರ್ಯಾದೆಗೆ ಊನವೆಂದು ಭಾವಿಸಿ, ಉಪನ್ಯಾಸಕ್ಕೆ ತಲೆದೂಗಿ, ಅರ್ಥವಾಗದುದನ್ನು ಎದೆಯಲ್ಲಿಯೇ ಹೊತ್ತು ಮನೆಗೆ ಹೋಗುತ್ತಿದ್ದರು. ನಮ್ಮವರಿಗೆ ಈ ರೋಗವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಅದಕ್ಕೆ ಪ್ರತಿಯಾಗಿ ಕಪಿತ್ಸರು ರೂಪಿಸಿದ ಗೋಷ್ಠಿಯ ಕ್ರಮ ಸರಳವಾಗಿದ್ದಿತು. ಮಂಗಳವಾರದ ರಾತ್ರಿ ಊಟವಾದ ಮೇಲೆ ಸದಸ್ಯರಲ್ಲೊಬ್ಬರ ಕೋಣೆಯಲ್ಲಿ, ಮುಂದೆ ಬಹುಮಟ್ಟಿಗೆ ಟ್ರಿನಿಟಿ ಕಾಲೇಜಿನಲ್ಲಿ ಕಪಿತ್ಸರಿಗೆ ಕೊಟ್ಟಿದ್ದ ಕೋಣೆಯಲ್ಲಿಯೇ, ಎಲ್ಲರೂ ಕೂಡುವರು. ಕುರ್ಚಿ ಸಿಕ್ಕಿದವರು ಕುರ್ಚಿಯ ಮೇಲೆ, ಮಿಕ್ಕವರು ನೆಲದ ಮೇಲೆ. ಒಂದೊಂದು ಬಟ್ಟಲು ಕಾಫಿ. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಒಂದು ಕರಿಹಲಗೆ. ಮಾತನಾಡುವವನು ತನ್ನ ಕೆಲಸದ ವಿಷಯವನ್ನೇ ಹೇಳಬಹುದು, ಇಲ್ಲವೆ ಜರ್ಮನಿಯಿಂದಲೋ ಫ್ರಾನ್ಸಿನಿಂದಲೋ ಬಂದ ಹೊಸ ಪತ್ರಿಕೆಯಲ್ಲಿನ ಲೇಖನವನ್ನು ಓದಿಕೊಂಡು ಬಂದು ವಿವರಿಸಬಹುದು. ಅಯಸ್ಕಾಂತತೆಯ ವಿಷಯದಲ್ಲಿ ದುಡಿಯುವವನು ನಕ್ಷತ್ರಗಳ ಮಾತನ್ನೂ ಯಂತ್ರಶಿಲ್ಪದಲ್ಲಿ ಪಳಗಿದವನು ಪರಮಾಣುವಿನ ಗಣಿತವನ್ನೂ ಅಲ್ಲಿ ಕೇಳಲೇಬೇಕು. ಹೇಳಿ ಮುಗಿಸುವವರೆಗೆ ಸುಮ್ಮನಿರುವ ಸೌಜನ್ಯಕ್ಕೆ ಅಲ್ಲಿ ಮನ್ನಣೆಯಿರಲಿಲ್ಲ. ಕಪಿತ್ಸರೇ ಮೊದಲಾಗಿ, ತಮ್ಮ ಒಡಕು ಇಂಗ್ಲಿಷಿನಲ್ಲಿ, ಎರಡನೆಯ ವಾಕ್ಯಕ್ಕೇ ತಡೆದು, ಮೂಢನೊಬ್ಬನು ಕೇಳಬಹುದಾದಂತಹ ಪ್ರಶ್ನೆಯೊಂದನ್ನು ಬುದ್ಧಿಪೂರ್ವಕವಾಗಿ ಎಸೆಯುವರು. ಇಷ್ಟು ದೊಡ್ಡವನೇ ಇಷ್ಟು ಸಣ್ಣದನ್ನು ಅರಿಯನಲ್ಲಾ ಎಂದು ಎಳೆಯರಿಗೆ ಧೈರ್ಯ ಹುಟ್ಟಬೇಕು. ಆಮೇಲೆ ಮಾತು ತಾನಾಗಿ ಹರಿಯುವುದು. ಗೋಷ್ಠಿ ಮುಗಿದ ಮೇಲೆ ಉಳಿಯುತ್ತಿದ್ದ ದಾಖಲೆಯೆಂದರೆ ದಿನಚರಿಯ ಪುಸ್ತಕದಲ್ಲಿ ದಿನಾಂಕ, ವಿಷಯ, ಮಾತನಾಡಿದವನ ಸಹಿ, ಅಷ್ಟೇ.

ಇಲ್ಲಿ ಅಧ್ಯಕ್ಷರಿರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಪ್ರಾರ್ಥನೆ, ಸ್ವಾಗತ, ಅತಿಥಿಪರಿಚಯ, ಹಾರ ತುರಾಯಿ, ಅಧ್ಯಕ್ಷರ ಸುದೀರ್ಘ ಉಪಸಂಹಾರ, ಕೊನೆಗೆ ಮೈಕಿನವನಿಂದ ಮೊದಲ್ಗೊಂಡು ಜಮಖಾನ ಹಾಸಿದವನವರೆಗೆ ಯಾರನ್ನೂ ಬಿಡದ ವಂದನಾರ್ಪಣೆ, ಇಷ್ಟನ್ನೂ ಸಾಂಗವಾಗಿ ನೆರವೇರಿಸಿ, ಪ್ರಶ್ನೆಗಳಿಗೆ ಮಾತ್ರ ಸಮಯಾಭಾವವೆಂದು ಸಾರುವ ನಮ್ಮ ವಿದ್ವತ್ಸಭೆಗಳನ್ನು ಕಂಡವರಿಗೆ ಆ ಕೋಣೆಯ ಬರಿದುತನ ವಿಚಿತ್ರವಾಗಿ ತೋರೀತು. ನಮ್ಮ ಮಠಗಳ ವಾಕ್ಯಾರ್ಥಗೋಷ್ಠಿಯಲ್ಲಿ ಪೂರ್ವಪಕ್ಷವನ್ನು ಎತ್ತುವ ಪ್ರಾಚೀನ ಪದ್ಧತಿಯೇನೋ ಉಂಟು, ಮತ್ತು ಅದು ಉನ್ನತವಾದ ಪದ್ಧತಿ. ಆದರೆ ಅಲ್ಲಿ ಜಯಾಪಜಯಗಳ ಚಿಂತೆ ತಪ್ಪಿದ್ದಲ್ಲ. ಸೋಲುವುದಕ್ಕೆ ಅಂಜದೆ ಬಾಯ್ದೆರೆಯುವ ಅನುಕೂಲವಿದ್ದದ್ದೇ ಮಂಗಳವಾರದ ಕೂಟದ ವೈಶಿಷ್ಟ್ಯ.

ಗೋಷ್ಠಿಯ ದಿನಚರಿಯ ಪುಸ್ತಕದಲ್ಲಿನ ಸಹಿಗಳ ಪೈಕಿ 1925ರ ಜುಲೈ 28ರದು ಇತಿಹಾಸಕಾರರಿಗೆ ಬಲು ಪ್ರಿಯವಾದುದು. ಅಂದು ಅತಿಥಿಯಾಗಿ ಮಾತನಾಡಿದವನು ಇಪ್ಪತ್ತಮೂರು ವರ್ಷದ ವೆರ್ನರ್ ಹೈಸೆನ್‌ಬರ್ಗ್. ವರ್ಣಪಟಲದ ಪದಗಳ ಪ್ರಾಣಿಶಾಸ್ತ್ರ, ಝೀಮನ್ ಪರಿಣಾಮದ ಸಸ್ಯಶಾಸ್ತ್ರ ಎಂಬರ್ಥ ಬರುವ ಪರಿಹಾಸದ ಶೀರ್ಷಿಕೆಯನ್ನು ಆತನು ತನ್ನ ಮಾತಿಗೆ ಇಟ್ಟಿದ್ದನು. ಪರಮಾಣುಗಳ ವರ್ಣರೇಖೆಗಳನ್ನು ತಾವೆಲ್ಲ ಕೀಟಗಳಂತೆ ಹೂಗಳಂತೆ ವಿಂಗಡಿಸುತ್ತ ಕುಳಿತಿದ್ದೇವೆ, ಕಾರಣ ಮಾತ್ರ ಯಾರಿಗೂ ತಿಳಿಯದು ಎಂಬ ವ್ಯಂಗ್ಯ ಅದರಲ್ಲಿದೆ. ಆದರೆ ಅದಕ್ಕೆ ಸುಮಾರು ಆರು ವಾರ ಮೊದಲು ಹೆಲ್ಗೊಲೆಂಡ್ ದ್ವೀಪದಲ್ಲಿ ಆತನಿಗೆ ಕಾರಣದ ಸುಳಿವು ದೊರೆತಿದ್ದಿತು. ಹೊಸ ಬಲವಿಜ್ಞಾನಕ್ಕೆ ಅಡಿಗಲ್ಲಾದ ಆತನ ಲೇಖನವು ಜರ್ಮನಿಯ ಪತ್ರಿಕೆಯ ಕಚೇರಿಗೆ ತಲುಪಿದ್ದು ಜುಲೈ 29ರಂದು, ಎಂದರೆ ಗೋಷ್ಠಿಯ ಮರುದಿನ. ಈ ನವೀನ ವಿಚಾರವನ್ನು ಆತನು ಕೂಟದಲ್ಲಿ ವಿಸ್ತರಿಸಲಿಲ್ಲ. ಕೇಂಬ್ರಿಜಿನ ರಾಲ್ಫ್ ಫೌಲರರೊಡನೆ ಖಾಸಗಿಯಾಗಿ ಪ್ರಸ್ತಾಪಿಸಿದನು. ಆಗಸ್ಟಿನಲ್ಲಿ ಲೇಖನದ ಕರಡಚ್ಚು ಫೌಲರರ ಕೈಸೇರಿತು. ಅದನ್ನು ಅವರು ರಜೆಯಲ್ಲಿ ಬ್ರಿಸ್ಟಲಿನ ಮನೆಯಲ್ಲಿದ್ದ ತಮ್ಮ ಶಿಷ್ಯ ಪಾಲ್ ಡಿರಾಕನಿಗೆ ಕಳುಹಿದರು. ಮೊದಲು ಡಿರಾಕನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವಾರವೊಂದು ಕಳೆದ ಮೇಲೆ ತಿರುಗಿ ನೋಡಿದಾಗ ಎಲ್ಲವೂ ಅದರಲ್ಲೇ ಇದೆಯೆಂದು ಹೊಳೆಯಿತು. ವರ್ಷ ಮುಗಿಯುವುದರೊಳಗಾಗಿ ಆತನ ಸ್ವಂತ ಸಿದ್ಧಾಂತ ಸಿದ್ಧವಾಗಿದ್ದಿತು. ದಿನಚರಿಯ ಪುಸ್ತಕದಲ್ಲಿ ಇದಾವುದೂ ಇಲ್ಲ. ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರಗಳ ತಮಾಷೆಯೊಂದೇ ಇದೆ. ಗೋಷ್ಠಿಯ ಫಲ ಗೋಷ್ಠಿಯಲ್ಲಿಯೇ ದೊರೆಯಬೇಕೆಂದು ಹಟ ಹಿಡಿಯುವ ವರದಿಪ್ರಿಯರು ಇದನ್ನು ಮನಗಾಣುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಉಂಟು, ಮತ್ತು ಅದು ಇನ್ನೂ ಪ್ರಸಿದ್ಧ. ಪರಮಾಣುವಿನ ಗರ್ಭದಲ್ಲಿ ವಿದ್ಯುದಂಶವಿಲ್ಲದ ಕಣವೊಂದು ಇರಬಹುದೆಂದು ರುದರ್‌ಫರ್ಡರು 1920ರಲ್ಲಿಯೇ ಊಹಿಸಿದ್ದರು. 1932ರ ಜನವರಿಯಲ್ಲಿ ಪ್ಯಾರಿಸಿನಿಂದ ಜೋಲಿಯೋ ಕ್ಯೂರಿ ದಂಪತಿಗಳು ಪ್ರಕಟಿಸಿದ ಪ್ರಯೋಗವೊಂದರ ವಿವರವನ್ನು ಕ್ಯಾವೆಂಡಿಷಿನ ಜೇಮ್ಸ್ ಚ್ಯಾಡ್ವಿಕರು ಓದಿ ಹೇಳಿದಾಗ, ಆ ದಂಪತಿಗಳು ಕೊಟ್ಟ ವ್ಯಾಖ್ಯಾನವನ್ನು ತಾನು ನಂಬಲಾರೆನೆಂದು ಆಚಾರ್ಯರು ಗುಡುಗಿದರು. ಚ್ಯಾಡ್ವಿಕರು ಒಡನೆಯೇ ಕೆಲಸಕ್ಕೆ ತೊಡಗಿ, ದಿನವೂ ಮೂರು ಗಂಟೆಯ ನಿದ್ದೆಯಲ್ಲಿ ದುಡಿದು, ಫೆಬ್ರವರಿ 17ರಂದು ‘ನೇಚರ್’ ಪತ್ರಿಕೆಗೆ ಚಿಕ್ಕದೊಂದು ಪತ್ರವನ್ನು ಬರೆದರು. ನ್ಯೂಟ್ರಾನ್ ಇರಬಹುದೆಂದು ಮಾತ್ರ ಅದರ ಶೀರ್ಷಿಕೆ, ಉಂಟೆಂದಲ್ಲ. 23ನೆಯ ತಾರೀಖು ಮಂಗಳವಾರ. ಅಂದು ಕಪಿತ್ಸರು ಬಳಲಿದ್ದ ಗೆಳೆಯನನ್ನು ಟ್ರಿನಿಟಿಯಲ್ಲಿ ಊಟಕ್ಕೆ ಕೂರಿಸಿ, ದ್ರಾಕ್ಷಾರಸದಿಂದ ಉಪಚರಿಸಿ, ಬಳಿಕ ಗೋಷ್ಠಿಗೆ ಕರೆತಂದರೆಂದು ಕಾದಂಬರಿಕಾರ ಸಿ. ಪಿ. ಸ್ನೋ ಬರೆದಿದ್ದಾರೆ. ಸ್ವಭಾವತಃ ಮಿತಭಾಷಿಯಾದ ಚ್ಯಾಡ್ವಿಕರು ಆ ರಾತ್ರಿ ಸಂಕೋಚವಿಲ್ಲದೆ, ಆದರೆ ಬಹಳ ಸಂಕ್ಷೇಪವಾಗಿ, ತಾವು ಕಂಡದ್ದನ್ನು ಹೇಳಿ ಮುಗಿಸಿ, ಈಗ ನನಗೆ ಮತ್ತು ಬರಿಸಿ ಎರಡು ವಾರ ಮಲಗಿಸಿಬಿಡಿ ಎಂದರಂತೆ. 1935ರ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಆವಿಷ್ಕಾರವನ್ನು, ಪತ್ರಿಕೆಯಲ್ಲಿ ಅದು ಅಚ್ಚಾಗುವುದಕ್ಕೆ ನಾಲ್ಕು ದಿನ ಮುಂಚೆ, ಕಾಫಿಯ ಬಟ್ಟಲು ಹಿಡಿದ ಹುಡುಗರು ಕೇಳಿದರು.

1934ರ ಬೇಸಗೆಯಲ್ಲಿ ಕಪಿತ್ಸರು ಎಂದಿನಂತೆ ತಾಯಿಯನ್ನು ನೋಡಲೆಂದು ರಷ್ಯಕ್ಕೆ ಹೋದರು. ಹಿಂದಿರುಗಲು ಸರ್ಕಾರ ಬಿಡಲಿಲ್ಲ. ರುದರ್‌ಫರ್ಡರ ಪ್ರಯತ್ನಗಳೆಲ್ಲ ವ್ಯರ್ಥವಾದ ಮೇಲೆ, ಕೊನೆಗೆ ಕಪಿತ್ಸರ ಉಪಕರಣಗಳನ್ನಾದರೂ ಕಳುಹಿಸೋಣವೆಂದು, ಮೂವತ್ತು ಸಾವಿರ ಪೌಂಡುಗಳ ಬೆಲೆಗೆ ಸೋವಿಯತ್ ಸರ್ಕಾರಕ್ಕೆ ಮಾರಿದರು. ಅವನ್ನು ಕಟ್ಟಿ ಸಾಗಿಸುವ ಹೊಣೆ ಹೊತ್ತ, ಕ್ಯಾವೆಂಡಿಷಿನ ಜಾನ್ ಕಾಕ್‌ಕ್ರಾಫ್ಟರೇ ಸ್ಥಾಪಕನಿಲ್ಲದ ಗೋಷ್ಠಿಯನ್ನೂ ನಡೆಸಿಕೊಂಡು ಬಂದರು. ಹೆಸರು ಬದಲಾಗಲಿಲ್ಲ.

ಮಾಸ್ಕೋದಲ್ಲಿ ಕಪಿತ್ಸರಿಗಾಗಿ ಹೊಸದೊಂದು ಸಂಶೋಧನಾಲಯ ಏರ್ಪಟ್ಟಿತು. ಅಲ್ಲಿನ ಗೋಷ್ಠಿಗೆ ಮಂಗಳವಾರ ಹೋಗಿ ಬುಧವಾರ ಬಂದಿತು. ವಿಷಯದ ಹರಹೂ ಪದಾರ್ಥವಿಜ್ಞಾನದ ಎಲ್ಲೆಯನ್ನು ಮೀರಿತು. ಅದರ ಪರಾಕಾಷ್ಠೆಯನ್ನು ಕಾಣಬೇಕಾದರೆ 1956ರ ಫೆಬ್ರವರಿ 8ಕ್ಕೆ ಬರಬೇಕು. 1948ರಿಂದ ಲೈಸೆಂಕೊ ಎಂಬ ಕೃಷಿಪಂಡಿತನ ಪ್ರಾಬಲ್ಯದಿಂದಾಗಿ ಆ ದೇಶದಲ್ಲಿ ಆನುವಂಶಿಕತಾಶಾಸ್ತ್ರವು ಬಹಿಷ್ಕೃತವಾಗಿದ್ದಿತು. ಅದನ್ನು ಬೋಧಿಸುತ್ತಿದ್ದವರು ಕೆಲಸ ಕಳೆದುಕೊಂಡಿದ್ದರು. ತಾವೇ ಸ್ಟಾಲಿನನ ಅವಕೃಪೆಗೆ ಒಳಗಾಗಿ 1946ರಿಂದ ಸಂಸ್ಥೆಯಿಂದ ಹೊರಗಿದ್ದು, 1955ರಲ್ಲಿ ಮರಳಿ ಬಂದಿದ್ದ ಕಪಿತ್ಸರು, ಮರುವರ್ಷವೇ ತಮ್ಮ ಬುಧವಾರದ ಗೋಷ್ಠಿಗೆ ಸೆರೆವಾಸ ಅನುಭವಿಸಿ ಬಂದ ಜೀವಶಾಸ್ತ್ರಜ್ಞ ತಿಮೊಫೆಯೆಫ್ ರೆಸ್ಸೊವ್‌ಸ್ಕಿಯವರನ್ನೂ, ಅವರೊಡನೆ ಪದಾರ್ಥವಿಜ್ಞಾನಿ ಈಗರ್ ತಾಮ್ಮರನ್ನೂ ಕರೆದರು. ವಾಟ್ಸನ್ನರೂ ಕ್ರಿಕ್ಕರೂ 1953ರಲ್ಲಿ ಬಿಡಿಸಿಟ್ಟ ಡಿಎನ್‌ಎ ರಚನೆಯನ್ನು ತಾಮ್ಮರು ವಿವರಿಸಿದರು. ಸಭಾಂಗಣ ಹಿಡಿಸದೆ ಜನ ಮೊಗಸಾಲೆಗಳಲ್ಲಿ ನಿಂತು ಕೇಳಿದರು. ಸ್ಟಾಲಿನನನ್ನು ಖಂಡಿಸಿದ ಕ್ರುಶ್ಚೇವರ ಪ್ರಸಿದ್ಧವಾದ ರಹಸ್ಯಭಾಷಣಕ್ಕೆ ಇನ್ನೂ ಎರಡು ವಾರಕ್ಕೂ ಮಿಕ್ಕ ಕಾಲವಿದ್ದಿತೆಂಬುದನ್ನು ನೆನೆದರೆ, ಆ ಬುಧವಾರದ ಆಮಂತ್ರಣಕ್ಕೆ ಎಷ್ಟು ಕೆಚ್ಚು ಬೇಕಾಗಿದ್ದಿತೆಂಬುದು ವಿದಿತವಾದೀತು. ತಪ್ಪು ಪ್ರಶ್ನೆಗೆ ಅಂಜದಿರುವುದು ಕೇಂಬ್ರಿಜಿನಲ್ಲಿ ಲಜ್ಜೆಯನ್ನು ಗೆಲ್ಲುವ ಮಾತು; ಮಾಸ್ಕೋದಲ್ಲಿ ಅದೇ ಅಭ್ಯಾಸಕ್ಕೆ ಬೇರೆ ಬೆಲೆ ತೆರಬೇಕಾಗಿದ್ದಿತು.

ನಮ್ಮ ಕಡೆಗೂ ಈ ಗಾಳಿ ತುಸು ಬೀಸಿದೆ. ಹೋಮಿ ಭಾಭಾ ಅವರು 1927ರಲ್ಲಿ ಯಂತ್ರಶಾಸ್ತ್ರವನ್ನು ಓದಲೆಂದು ಕೇಂಬ್ರಿಜಿಗೆ ಹೋಗಿ, ಪದಾರ್ಥವಿಜ್ಞಾನಕ್ಕೆ ಮನಸೋತು, ನ್ಯೂಟ್ರಾನಿನ ಆ ವರ್ಷವೂ ಸೇರಿದಂತೆ ಕ್ಯಾವೆಂಡಿಷಿನ ಅತ್ಯುಜ್ಜ್ವಲವಾದ ದಶಕವನ್ನು ಅಲ್ಲಿಯೇ ಕಳೆದವರು. 1939ರಲ್ಲಿ ರಜೆಗೆಂದು ಬಂದವರು ಯುದ್ಧದಿಂದಾಗಿ ಇಲ್ಲಿಯೇ ನಿಂತು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಸಿ. ವಿ. ರಾಮನ್ನರ ವಿಭಾಗವನ್ನು ಸೇರಿದರು. 1945ರಲ್ಲಿ ಅವರ ಮೂಲಭೂತ ಸಂಶೋಧನ ಸಂಸ್ಥೆ ಮೊದಲು ಕೆಲಸ ಆರಂಭಿಸಿದ್ದೂ ಬೆಂಗಳೂರಿನಲ್ಲಿಯೇ. ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಅಲ್ಲಿ ಗಣಿತದವರೂ ಜೀವಶಾಸ್ತ್ರದವರೂ ಒಂದೇ ಸಭಾಂಗಣದಲ್ಲಿ ಕುಳಿತು ಒಬ್ಬರ ಮಾತನ್ನೊಬ್ಬರು ಕೇಳುವ ಬುಧವಾರದ ಗೋಷ್ಠಿ ನೆಲೆಗೊಂಡಿತು. ಅದು ಕಪಿತ್ಸರ ಕೂಟದ ಔರಸ ಸಂತಾನವೆಂದು ನಾನು ಹೇಳಲಾರೆ, ಸಗೋತ್ರವೆಂದರೆ ಅತಿಶಯೋಕ್ತಿಯಾಗಲಾರದು.

ಕಪಿತ್ಸರು ಮತ್ತೆ ಕೇಂಬ್ರಿಜನ್ನು ಕಂಡದ್ದು 1966ರಲ್ಲಿ, ಮೂವತ್ತೆರಡು ವರ್ಷಗಳ ತರುವಾಯ. ಅಷ್ಟರಲ್ಲಿ ಗೋಷ್ಠಿಯೂ ನಿಂತುಹೋಗಿದ್ದಿತು. ಸ್ಥಾಪಕರ ಗೌರವಾರ್ಥವಾಗಿ ಮೇ 10ರಂದು, ಮಂಗಳವಾರವೇ, ಅದರ ಅಂತಿಮ ಅಧಿವೇಶನ ನಡೆಯಿತು. ಕಾಕ್‌ಕ್ರಾಫ್ಟರು ಅಂದು ಚರ್ಚಿಲ್ ಕಾಲೇಜಿನ ಮುಖ್ಯಸ್ಥರು. ದಿನಚರಿಯ ಪುಸ್ತಕ ಮುಂದೆ ಅವರ ಕಾಗದಪತ್ರಗಳೊಡನೆ ಆ ಕಾಲೇಜಿನ ದಫ್ತರಕ್ಕೆ ಸೇರಿತು. ಡಿರಾಕರೂ ಅಂದು ಬಂದಿದ್ದರು. ಒಬ್ಬರು ವಾಚಾಳಿಯಾದ ಯಂತ್ರಕುಶಲಿ, ಮತ್ತೊಬ್ಬರು ಗಂಟೆಗೊಂದು ಮಾತಾಡಿದರೆ ಹೆಚ್ಚೆನ್ನಿಸುವ ಗಣಿತಜ್ಞ. ಈ ಇಬ್ಬರ ಸ್ನೇಹದಿಂದ 1933ರಲ್ಲಿ ಒಂದು ಲೇಖನ ಹುಟ್ಟಿದ್ದಿತು. ಸ್ಫಟಿಕವು ಎಕ್ಸ್ ಕಿರಣಗಳನ್ನು ಚದುರಿಸುವಂತೆ, ನಿಂತ ಅಲೆಯಾದ ಬೆಳಕೇ ಎಲೆಕ್ಟ್ರಾನುಗಳನ್ನು ಚದುರಿಸಬೇಕೆಂಬುದು ಅದರ ತಾತ್ಪರ್ಯ. ಅದನ್ನು ಪರೀಕ್ಷಿಸುವಷ್ಟು ತೀಕ್ಷ್ಣವಾದ ಬೆಳಕು ಆಗ ಎಲ್ಲಿಯೂ ಇರಲಿಲ್ಲ. ಲೇಸರ್ ಬಂದದ್ದು 1960ರಲ್ಲಿ. ಆ ಮೇಲೂ ಪ್ರಯೋಗ ನಿಸ್ಸಂದಿಗ್ಧವಾಗಿ ಸಿದ್ಧಿಸಲು 2001ರವರೆಗೆ ಕಾಯಬೇಕಾಯಿತು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದವರು ಅದನ್ನು ಮಾಡಿ ತೋರಿಸಿದರು. ಕಪಿತ್ಸರೂ ಡಿರಾಕರೂ ತೀರಿಕೊಂಡದ್ದು ಒಂದೇ ವರ್ಷ, 1984ರಲ್ಲಿ.